ಬುತ್ತಿ, ಬೋರ್ಡಿಂಗ್ ಪಾಸ್ ಮತ್ತು ಹತ್ತು ರೂಪಾಯಿ ಚಹಾ

ನಮ್ಮ ಆಫೀಸಿನ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಪ್ರಶ್ನೆ ಆಗಾಗ ತಿರುಗಿ ಬರುತ್ತಲೇ ಇರುತ್ತದೆ. “ಬೆಳಗ್ಗೆ ಆರಕ್ಕೆ ಫ್ಲೈಟು. ಏರ್‌ಪೋರ್ಟಲ್ಲಿ ಜೇಬಿಗೆ ಕತ್ತರಿ ಬೀಳದಂಗೆ ಏನ್ ತಿನ್ಬೋದು?” ಉತ್ತರಗಳೂ ಹೆಚ್ಚುಕಡಿಮೆ ಅವೇ. ಒಬ್ಬ ಕ್ರೆಡಿಟ್ ಕಾರ್ಡ್ ತೋರಿಸಿ ಎರಡು ರೂಪಾಯಿಗೆ ಲೌಂಜಿಗೆ ನುಗ್ಗು ಅಂತಾನೆ. ಇನ್ನೊಬ್ಬಳು ಮನೆಯಲ್ಲೇ ಎರಡು ಬಾಳೆಹಣ್ಣು ತಿಂದು ಹೊರಡು ಅಂತಾಳೆ. ಮತ್ತೊಬ್ಬ, ಟರ್ಮಿನಲ್ ಒಳಗೆ ಹೋಗೋಕೆ ಮುಂಚೆ ಹೊರಗಡೆನೇ ಮುಗಿಸ್ಕೋ ಗುರು ಅಂತಾನೆ. ನನ್ನ ಉತ್ತರ ಒಂದೇ ಶಬ್ದ: ಬುತ್ತಿ.

ಎಲ್ಲರೂ ನಗುವ ಎಮೋಜಿ ಹಾಕುತ್ತಾರೆ. ಆದರೆ ನಾನು ತಮಾಷೆಗೆ ಹೇಳಿದ್ದಲ್ಲ. ಎರಡು ಸಾವಿರದ ಟಿಕೆಟ್ಟಿನಲ್ಲಿ ಹೋಗುವವನಿಗೆ ಒಂದು ಪ್ಲೇಟ್ ಇಡ್ಲಿ, ಒಂದು ಕಾಫಿಗೆ ಟಿಕೆಟ್ಟಿನ ಕಾಲುಭಾಗ ಖರ್ಚಾಗುವುದು ಯಾಕೆ ಅನ್ನುವ ಪ್ರಶ್ನೆಗೆ ಒಂದು ಇತಿಹಾಸ ಇದೆ. ಅದು ದೇವನಹಳ್ಳಿಯಲ್ಲಿ ಶುರುವಾದದ್ದಲ್ಲ. ನನ್ನ ಲೆಕ್ಕದಲ್ಲಿ ಅದರ ಒಂದು ತುದಿ ನಮ್ಮ ರಾಯಚೂರಿನಲ್ಲೇ ಇದೆ.

ರೊಟ್ಟಿ ಎಂಬ ತಂತ್ರಜ್ಞಾನ

ನಮ್ಮೂರು ಮಾನ್ವಿ ತಾಲೂಕಿನಲ್ಲಿ, ಅವ್ವನ ತವರು ದೇವದುರ್ಗದ ಕಡೆ. ಎರಡೂ ಕಡೆ ಕಾಲುವೆ ಬಂದಿದೆ. ಮಾನ್ವಿಗೆ ತುಂಗಭದ್ರಾ ಎಡದಂಡೆ, ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ. ಆದರೆ ಮಾನ್ವಿ ಕಾಲುವೆಯ ಕೆಳಭಾಗ; ನೀರು ಬಂದರೆ ಬಂತು, ಇಲ್ಲಾಂದ್ರೆ ಇಲ್ಲ. ನೀರು ಹತ್ತಿದಲ್ಲೆಲ್ಲ ಭತ್ತ ಆಗಿದೆ, ಹತ್ತದಲ್ಲಿ ಜೋಳ, ಸಜ್ಜೆ, ತೊಗರಿ, ಹತ್ತಿ. ಮಳೆ ಕೈಕೊಟ್ಟ ವರ್ಷ ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಸಂಜೆ ಹೊತ್ತು ನಿಂತು ನೋಡಬೇಕು. ಬೆಂಗಳೂರಿಗೆ ಗುಳೆ ಹೋಗುವ ಮಂದಿ ಕೂತಿರುತ್ತಾರೆ: ಗಂಡ, ಹೆಂಡತಿ, ಒಂದು ಕೂಸು, ಒಂದು ಪ್ಲಾಸ್ಟಿಕ್ ಕೊಡ, ಒಂದು ಚೀಲ. ಆ ಚೀಲದಲ್ಲಿ ಬಟ್ಟೆಯಲ್ಲಿ ಸುತ್ತಿದ ಕಡಕ್ ರೊಟ್ಟಿಯ ಗಂಟು ಇದ್ದೇ ಇರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳು ಎದ್ದು ನಿಂತದ್ದರಲ್ಲಿ ಆ ರೊಟ್ಟಿಯ ಪಾಲೂ ಇದೆ.

ಕಡಕ್ ರೊಟ್ಟಿಯನ್ನು ನಾವು “ಉತ್ತರ ಕರ್ನಾಟಕದ ಸ್ಪೆಷಲ್” ಅಂತ ಹೋಟೆಲ್ ಮೆನುವಿನಲ್ಲಿ ನೋಡಿ ಖುಷಿಪಡುತ್ತೇವೆ. ನಿಜವಾಗಿ ಅದು ಪ್ರಯಾಣಕ್ಕಾಗಿ ಪಳಗಿದ ಆಹಾರ. ಆಹಾರ ಕೆಡುವುದಕ್ಕೆ ಮುಖ್ಯ ಕಾರಣ ನೀರಿನಂಶ. ರೊಟ್ಟಿಯನ್ನು ಕಾಗದದಷ್ಟು ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಕೆಂಡದ ಉರಿಯಲ್ಲಿ ಗರಿಗರಿ ಆಗುವವರೆಗೆ ಒಣಗಿಸಿದರೆ ನೀರು ಹೋಗಿಬಿಡುತ್ತದೆ. ಬೂಸ್ಟು ಹಿಡಿಯಲು ಏನೂ ಉಳಿಯುವುದಿಲ್ಲ. ವಾರಗಟ್ಟಲೆ ಇರುತ್ತದೆ, ಹಗುರ, ಒಂದರ ಮೇಲೊಂದು ಜೋಡಿಸಬಹುದು. ಜೊತೆಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅಗಸಿ ಪುಡಿ. ಇವುಗಳಲ್ಲೂ ನೀರಿಲ್ಲ, ಆದರೆ ಎಣ್ಣೆ ಇದೆ, ಪ್ರೋಟೀನ್ ಇದೆ. ಇವತ್ತು ಕಂಪನಿಗಳು ಪ್ಯಾಕೆಟ್ ಮಾಡಿ ಮಾರುವ ‘ಎನರ್ಜಿ ಬಾರ್’ಗೂ ಇದಕ್ಕೂ ಸಿದ್ಧಾಂತದಲ್ಲಿ ಏನೂ ವ್ಯತ್ಯಾಸ ಇಲ್ಲ.

ಆದರೆ ಬುತ್ತಿಗೆ ಒಂದು ಕೊರತೆ ಇದೆ. ಒಣ ರೊಟ್ಟಿಗೆ ನೀರು ಬೇಕು. ಆ ನೀರನ್ನು ದಾರಿ ಕೊಡಬೇಕು, ದಾರಿಯಲ್ಲಿರುವ ಮಂದಿ ಕೊಡಬೇಕು.

ಈ ವಿಷಯದಲ್ಲಿ ನಮ್ಮ ಜಿಲ್ಲೆಗೆ ಹಳೆಯ ನಂಟಿದೆ. ಮಸ್ಕಿಯ ಶಾಸನ ನಿಮಗೆ ಗೊತ್ತಿರುತ್ತದೆ. 1915ರಲ್ಲಿ ಚಿನ್ನದ ಗಣಿ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ‘ದೇವಾನಾಂಪ್ರಿಯ’ ಅಂತಷ್ಟೇ ಗೊತ್ತಿದ್ದ ರಾಜ ಅಶೋಕನೇ ಅಂತ ಹೆಸರು ಹಿಡಿದು ಹೇಳಿದ್ದು ಆ ಬಂಡೆ. ಅದೇ ಅಶೋಕ ಇನ್ನೊಂದು ಕಡೆ, ತನ್ನ ಏಳನೇ ಸ್ತಂಭಶಾಸನದಲ್ಲಿ, ತಾನು ಮಾಡಿದ ಕೆಲಸಗಳ ಪಟ್ಟಿ ಕೊಡುತ್ತಾನೆ: ದಾರಿಬದಿ ಆಲದ ಮರ, ಬಾವಿ, ತಂಗುಮನೆ, ಮನುಷ್ಯರಿಗೂ ದನಗಳಿಗೂ ನೀರು ಕುಡಿಯುವ ಜಾಗ. ನಾವು ಬೇಸಿಗೆಯಲ್ಲಿ ಇಡುವ ಅರವಟಿಗೆ ಎಷ್ಟು ಹಳೆಯ ಕಲ್ಪನೆ ನೋಡಿ. ದಾರಿ ಮಾಡಿದವನೇ ನೀರನ್ನೂ ಇಡಬೇಕು ಅನ್ನುವುದು ಅದರ ಒಳಗಿನ ಮಾತು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

1871: ರಾಯಚೂರಿನಲ್ಲಿ ಎರಡು ಹಳಿ ಕೂಡಿದ್ದು

ಮುಂಬೈಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಸೋಲಾಪುರ, ವಾಡಿ ದಾಟಿ, ಕೃಷ್ಣೆಗೆ ಸೇತುವೆ ಕಟ್ಟಿ ಬಂತು. ಮದ್ರಾಸಿನಿಂದ ಹೊರಟ ಮದ್ರಾಸ್ ರೈಲ್ವೆ ಗುಂತಕಲ್, ಆದೋನಿ ದಾಟಿ, ತುಂಗಭದ್ರೆಗೆ ಸೇತುವೆ ಕಟ್ಟಿ ಬಂತು. 1871ರಲ್ಲಿ ಎರಡೂ ಕೂಡಿದ್ದು ಎರಡು ಹೊಳೆಗಳ ನಡುವಿನ ನಮ್ಮ ರಾಯಚೂರಿನಲ್ಲಿ. ಆವತ್ತಿನಿಂದ ಮುಂಬೈ–ಮದ್ರಾಸ್ ಒಂದೇ ದಾರಿಯಾಯಿತು. ಯಾವ ರಾಜರು ರಾಯಚೂರು ದೋಆಬಿಗಾಗಿ ನೂರಾರು ವರ್ಷ ಹೊಡೆದಾಡಿದರೋ ಆ ನೆಲ ಈಗ ಎರಡು ಕಂಪನಿಗಳು ಕೈಕುಲುಕುವ ಜಾಗ ಆಯಿತು.

ರೈಲು ಒಂದು ಹೊಸ ಸಮಸ್ಯೆ ತಂದಿತು. ಚಕ್ಕಡಿಯಲ್ಲಿ ಹೋಗುವವನು ಹಸಿವಾದಲ್ಲಿ ಎತ್ತು ಬಿಚ್ಚಿ, ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದ. ರೈಲಿನಲ್ಲಿ ಸಮಯ ಅವನ ಕೈಯಲ್ಲಿಲ್ಲ. ಬಂಡಿ ನಿಂತಲ್ಲಿ ಇಳಿಯಬೇಕು, ನಿಂತಷ್ಟು ಹೊತ್ತಿನಲ್ಲಿ ತಿನ್ನಬೇಕು. ಹಸಿದವನು ಮೊದಲ ಸಲ ‘ಸಿಕ್ಕಿಹಾಕಿಕೊಂಡ ಗಿರಾಕಿ’ ಆಗಿದ್ದು ಅಲ್ಲೇ. ಇವತ್ತಿನ ಏರ್‌ಪೋರ್ಟಿನ ಮೂಲ ಅದು.

ರೈಲ್ವೆಯವರು ಇದಕ್ಕೆ ವ್ಯವಸ್ಥೆ ಮಾಡಿದರು. ಆದರೆ ಎಲ್ಲರಿಗೂ ಒಂದೇ ಅಲ್ಲ. ದೊಡ್ಡ ಸ್ಟೇಷನ್ನುಗಳಲ್ಲಿ ಬಿಳಿಯರಿಗೆ ಮೇಜು-ಕುರ್ಚಿಯ ರಿಫ್ರೆಶ್‌ಮೆಂಟ್ ರೂಮು. ದಕ್ಷಿಣದಲ್ಲಿ ಅಂಥ ಹಲವನ್ನು ಮದ್ರಾಸಿನ ಸ್ಪೆನ್ಸರ್ ಕಂಪನಿ ನಡೆಸುತ್ತಿತ್ತು. ನಮ್ಮವರಿಗೆ ಪ್ಲಾಟ್‌ಫಾರ್ಮಿನ ಮೇಲೆ ‘ಹಿಂದೂ ನೀರು’, ‘ಮುಸಲ್ಮಾನ್ ನೀರು’ ಅಂತ ಬೇರೆ ಬೇರೆ ಕೊಡ. ಕೆಲವು ಕಡೆ ಬ್ರಾಹ್ಮಣರಿಗೆ ಬೇರೆ ಊಟದ ಕೋಣೆ. ಯಾವ ಕೊಡವೂ ತನ್ನದಲ್ಲದ ಪ್ರಯಾಣಿಕನೂ ಒಬ್ಬನಿದ್ದ.

ಆ ಪ್ರಯಾಣಿಕನ ಕಥೆಯನ್ನು ನಾವು ಅಂಬೇಡ್ಕರ್ ಅವರ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಓದಬಹುದು. 1901ರಲ್ಲಿ, ಹತ್ತು ವರ್ಷದ ಹುಡುಗ, ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಸಾತಾರಾದಿಂದ ಅಪ್ಪನ ಊರಿಗೆ ರೈಲಿನಲ್ಲಿ ಹೊರಟ. ಮಸೂರ್ ಸ್ಟೇಷನ್ನಿನಲ್ಲಿ ಇಳಿದರೆ ಕರೆಯಲು ಯಾರೂ ಬಂದಿಲ್ಲ. ಜಾತಿ ತಿಳಿದ ಮೇಲೆ ಚಕ್ಕಡಿಯವರು ಹತ್ತಿಸಿಕೊಳ್ಳಲಿಲ್ಲ. ದುಪ್ಪಟ್ಟು ಬಾಡಿಗೆ ಕೊಟ್ಟು ಹುಡುಗರೇ ಬಂಡಿ ಹೊಡೆಯಬೇಕಾಯಿತು. ಕಟ್ಟಿಕೊಟ್ಟ ಬುತ್ತಿ ಕೈಯಲ್ಲೇ ಇತ್ತು. ಆದರೆ ಇಡೀ ದಾರಿಯಲ್ಲಿ ಕುಡಿಯುವ ನೀರು ಕೊಡುವವರು ಸಿಗಲಿಲ್ಲ. ಊಟ ಇದ್ದೂ ಹುಡುಗರು ಹಸಿದು ಮಲಗಿದರು.

ಏರ್‌ಪೋರ್ಟಿನ ಊಟದ ಬಗ್ಗೆ ಬರೆಯುವಾಗ ಇದನ್ನು ಯಾಕೆ ಎಳೆದು ತಂದೆ ಅಂತ ಕೇಳಬಹುದು. ಬುತ್ತಿ ಕಟ್ಟಿಕೊಂಡರೆ ಸಾಕು, ಎಲ್ಲ ಸರಿಹೋಗುತ್ತದೆ ಅನ್ನುವ ನನ್ನಂಥವರಿಗೆ ಈ ಕಥೆ ಉತ್ತರ. ಊಟ ಖಾಸಗಿ ಆಗಬಹುದು. ನೀರು, ಕೂರುವ ಜಾಗ, ಯಾರೂ ಎಬ್ಬಿಸದೆ ತಿನ್ನುವ ಹಕ್ಕು ಇವು ಸಾರ್ವಜನಿಕವಾಗಿಯೇ ಇರಬೇಕು.

ಸ್ವಾತಂತ್ರ್ಯ ಬಂದ ಮೇಲೆ ರೈಲ್ವೆ ಈ ಪಾಠವನ್ನು ನಿಧಾನಕ್ಕೆ ಕಲಿಯಿತು. ಬೇರೆ ಬೇರೆ ಕೊಡಗಳು ಹೋದವು, ನಲ್ಲಿ ಬಂತು. ಪ್ಲಾಟ್‌ಫಾರ್ಮಿನ ಅಂಗಡಿಗೆ ರೇಟ್ ಬೋರ್ಡ್ ಬಂತು. ಪೂರಿ, ಆಲೂಗಡ್ಡೆ ಪಲ್ಯದ ಜನತಾ ಖಾನಾ ಬಂತು. 2023ರಲ್ಲಿ ಜನರಲ್ ಬೋಗಿ ನಿಲ್ಲುವ ಜಾಗದ ಎದುರಿಗೇ ಕೌಂಟರ್ ಇಟ್ಟು 20 ರೂಪಾಯಿಗೆ ಊಟ ಕೊಡುವ ವ್ಯವಸ್ಥೆಯನ್ನೂ ಹಲವು ಸ್ಟೇಷನ್ನುಗಳಲ್ಲಿ ತಂದರು. ರುಚಿ ಬಗ್ಗೆ ನೀವು ಏನು ಬೇಕಾದರೂ ಹೇಳಿ, ಪ್ರಯಾಣಿಕನ ಅಗ್ಗದ ಊಟ ತನ್ನ ಜವಾಬ್ದಾರಿ ಅನ್ನುವುದನ್ನು ರೈಲ್ವೆ ಒಪ್ಪಿಕೊಂಡಿದೆ.

ರೈಲಿನವರೇ ಹಾರಿಸಿದ ವಿಮಾನ

ಏರ್ ಡೆಕ್ಕನ್ ಹೆಸರು ಎಲ್ಲರೂ ಕೇಳಿದ್ದೀರಿ. ಅದಕ್ಕಿಂತ ಐವತ್ತೇಳು ವರ್ಷ ಮುಂಚೆ ಇನ್ನೊಂದು ಡೆಕ್ಕನ್ ಇತ್ತು: ಡೆಕ್ಕನ್ ಏರ್‌ವೇಸ್. ರಾಯಚೂರು ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ನಿಜಾಮರ ಸ್ಟೇಟ್ ರೈಲ್ವೆ, ಟಾಟಾ ಕಂಪನಿಯ ಜೊತೆ ಸೇರಿ ಕಟ್ಟಿದ ಈ ವಿಮಾನ ಸಂಸ್ಥೆ 1946ರಲ್ಲಿ ಬೇಗಂಪೇಟೆಯಿಂದ ಹಾರಾಟ ಶುರು ಮಾಡಿತು. ದೊಡ್ಡ ಪಾಲು ರೈಲ್ವೆಯದು. ವಿಮಾನ, ಯುದ್ಧ ಮುಗಿದ ಮೇಲೆ ಅಗ್ಗಕ್ಕೆ ಸಿಕ್ಕ ಡಕೋಟಾ. 1949ರಲ್ಲಿ ಶುರುವಾದ ರಾತ್ರಿ ಅಂಚೆ ವಿಮಾನಗಳ ಕೆಲಸದಲ್ಲೂ ಇದು ಇತ್ತು. ದಿಲ್ಲಿ, ಮುಂಬೈ, ಕಲ್ಕತ್ತಾ, ಮದ್ರಾಸಿನಿಂದ ಹೊರಟ ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಇಳಿದು, ಅಂಚೆಯನ್ನೂ ಪ್ರಯಾಣಿಕರನ್ನೂ ಅದಲುಬದಲು ಮಾಡಿಕೊಂಡು ವಾಪಸ್ ಹೋಗುತ್ತಿದ್ದವು. ನಮ್ಮ ಗುಂತಕಲ್ ಜಂಕ್ಷನ್ನಿನ ಲೆಕ್ಕವೇ, ಆಕಾಶದಲ್ಲಿ. 1953ರಲ್ಲಿ ಸರ್ಕಾರ ಎಲ್ಲ ಕಂಪನಿಗಳನ್ನೂ ವಶಕ್ಕೆ ತಗೊಂಡಾಗ ಡೆಕ್ಕನ್ ಏರ್‌ವೇಸ್ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಕರಗಿತು.

ಅಲ್ಲಿಂದ ಐವತ್ತು ವರ್ಷ ವಿಮಾನದ ಊಟ ಟಿಕೆಟ್ಟಿನೊಳಗೇ ಇತ್ತು. ಟ್ರೇ, ಚಮಚ, ಪುಟ್ಟ ಉಪ್ಪಿನ ಪೊಟ್ಟಣ. “ಫ್ರೀ ಊಟ” ಅಂತ ಜನ ಅಂದುಕೊಂಡಿದ್ದರು. ಫ್ರೀ ಏನಲ್ಲ, ಟಿಕೆಟ್ಟಿನ ಬೆಲೆಯಲ್ಲಿ ಅಡಗಿತ್ತು ಅಷ್ಟೇ.

ತಮಾಷೆ ಅಂದರೆ, ವಿಮಾನದಲ್ಲಿ ಮೊದಲು ಸಿಕ್ಕ ಊಟ ದುಡ್ಡು ಕೊಟ್ಟು ತಗೊಳ್ಳುವ ಊಟವೇ. 1919ರ ಅಕ್ಟೋಬರಿನಲ್ಲಿ ಲಂಡನ್–ಪ್ಯಾರಿಸ್ ನಡುವೆ ಹಾರುತ್ತಿದ್ದ ಹ್ಯಾಂಡ್ಲಿ ಪೇಜ್ ಕಂಪನಿ ಮೂರು ಶಿಲಿಂಗಿಗೆ ಒಂದು ಊಟದ ಡಬ್ಬಿ ಮಾರಿತು. ಅಂದರೆ ವಿಮಾನದ ಮೊದಲ ಊಟವೂ ಒಂದು ಥರದ ಬುತ್ತಿ. ಆಮೇಲೆ ಕಂಪನಿಗಳ ನಡುವೆ ಪೈಪೋಟಿ ಬಂತು. ಟಿಕೆಟ್ ದರವನ್ನು ಅಂತರರಾಷ್ಟ್ರೀಯ ಒಕ್ಕೂಟವೇ ಕಟ್ಟಿಹಾಕಿದ್ದರಿಂದ ಊಟದಲ್ಲಿ ಪೈಪೋಟಿ ಮಾಡಬೇಕಾಯಿತು. 1958ರಲ್ಲಿ ಅಟ್ಲಾಂಟಿಕ್ ದಾಟುವ ಎಕಾನಮಿ ದರ್ಜೆ ಬಂದಾಗ, ಕಡಿಮೆ ದರಕ್ಕೆ ಬರೀ ಸಾದಾ ಸ್ಯಾಂಡ್‌ವಿಚ್ ಕೊಡಬೇಕು ಅಂತ ನಿಯಮ ಆಯಿತು. ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ಕಂಪನಿ ಸ್ಯಾಂಡ್‌ವಿಚ್ ಹೆಸರಿನಲ್ಲಿ ತಟ್ಟೆ ತುಂಬ ಭರ್ಜರಿ ಊಟ ಕೊಟ್ಟಿತು. ಪ್ಯಾನ್ ಆಮ್ ಕಂಪನಿ ದೂರು ಕೊಟ್ಟಿತು. ಕೊನೆಗೆ 20,000 ಡಾಲರ್ ದಂಡ! ಸ್ಯಾಂಡ್‌ವಿಚ್ ಅಂದರೇನು ಅಂತ ದೊಡ್ಡ ದೊಡ್ಡ ಕಂಪನಿಗಳು ಜಗಳವಾಡಿದ ಕಾಲ ಅದು.

ಶೇಂಗಾದಿಂದ ಶುರುವಾದ ಬದಲಾವಣೆ

1971ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಹಾರಲು ಶುರು ಮಾಡಿದ ಸೌತ್‌ವೆಸ್ಟ್ ಏರ್‌ಲೈನ್ಸ್ ಈ ಆಟವನ್ನೇ ತಿರುಗಿಸಿತು. ಊಟ ಇಲ್ಲ, ಒಂದು ಪೊಟ್ಟಣ ಶೇಂಗಾ. ಅಡುಗೆಮನೆ ಬೇಡ, ಟ್ರೇ ಬೇಡ, ಸ್ವಚ್ಛ ಮಾಡಲು ಹೊತ್ತು ಬೇಡ. ವಿಮಾನ ಇಳಿದ ಕೆಲವೇ ನಿಮಿಷಕ್ಕೆ ಮತ್ತೆ ಹಾರಬಹುದು. ನೆಲದ ಮೇಲೆ ನಿಂತ ವಿಮಾನ ನಷ್ಟ, ಹಾರುವ ವಿಮಾನ ಲಾಭ. ಆ ಶೇಂಗಾ ಪೊಟ್ಟಣ ಆ ಕಂಪನಿಯ ಗುರುತೇ ಆಗಿಹೋಯಿತು. ಅಲರ್ಜಿ ಇರುವವರಿಗಾಗಿ 2018ರ ಆಗಸ್ಟ್‌ನಲ್ಲಿ ಅದನ್ನು ನಿಲ್ಲಿಸಿದಾಗ ದೊಡ್ಡ ಸುದ್ದಿ ಆಯಿತು. ನಮ್ಮ ಕಡೆ ಶೇಂಗಾ ಬಡವರ ಬಾದಾಮಿ. ಅಲ್ಲಿ ಅದು ಬಡವರ ವಿಮಾನ ಆಯಿತು.

ಈ ಲೆಕ್ಕವನ್ನು ಭಾರತಕ್ಕೆ ತಂದವರು ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್. ಸೈನ್ಯದಲ್ಲಿದ್ದವರು, ಜಾವಗಲ್ ಹತ್ತಿರ ರೇಷ್ಮೆ ಕೃಷಿ ಮಾಡಿದವರು, ಹಾಸನದಲ್ಲಿ ಉಡುಪಿ ಹೋಟೆಲನ್ನೂ ನಡೆಸಿದವರು. ಈ ಹೋಟೆಲಿನ ವಿಷಯ ನನಗೆ ಮುಖ್ಯ ಅನಿಸುತ್ತದೆ. ಉಡುಪಿ ಹೋಟೆಲಿನ ಗಣಿತವೇ ಬಜೆಟ್ ಏರ್‌ಲೈನಿನ ಗಣಿತ. ಮೇಜು ಬೇಗ ಖಾಲಿ ಆಗಬೇಕು, ಬೆಲೆ ಕಡಿಮೆ ಇರಬೇಕು, ಜನ ಹೆಚ್ಚು ಬರಬೇಕು. 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಸಣ್ಣ ಎಟಿಆರ್ ವಿಮಾನಗಳಲ್ಲಿ ಹಾರಾಟ ಶುರು ಮಾಡಿತು. ಬೆಂಗಳೂರು–ಹುಬ್ಬಳ್ಳಿ ಅದರ ಮೊದಮೊದಲ ಮಾರ್ಗಗಳಲ್ಲಿ ಒಂದು. ಆರ್. ಕೆ. ಲಕ್ಷ್ಮಣ್ ಅವರ ‘ಕಾಮನ್ ಮ್ಯಾನ್’ ಅದರ ಗುರುತು. ಊಟ ಇಲ್ಲ. ಬೇಕಾದರೆ ದುಡ್ಡು ಕೊಟ್ಟು ತಗೊಳ್ಳಿ, ನೀರು ಸಹ. ಒಂದು ರೂಪಾಯಿ ಟಿಕೆಟ್ ಅನ್ನುವ ಮಾತು ಹಳ್ಳಿಹಳ್ಳಿಗೂ ಮುಟ್ಟಿತು. ಐದೇ ವರ್ಷದಲ್ಲಿ ಆ ಕಂಪನಿ ಇನ್ನೊಬ್ಬರ ಕೈಸೇರಿ, 2008ರಲ್ಲಿ ಹೆಸರೂ ಹೋಯಿತು. ಆದರೆ 2005, 2006ರಲ್ಲಿ ಬಂದ ಸ್ಪೈಸ್‌ಜೆಟ್, ಇಂಡಿಗೋ ಅದೇ ದಾರಿಯಲ್ಲಿ ನಡೆದವು. ಊಟ ಟಿಕೆಟ್ಟಿನಿಂದ ಶಾಶ್ವತವಾಗಿ ಹೊರಗೆ ಬಂತು.

ನನಗೇನೂ ಇದರ ಬಗ್ಗೆ ತಕರಾರಿಲ್ಲ. ತಿನ್ನದ ಊಟಕ್ಕೆ ನಾನ್ಯಾಕೆ ದುಡ್ಡು ಕೊಡಲಿ? ನನ್ನಂಥ ಹಳ್ಳಿ ಹುಡುಗರು ವಿಮಾನ ಹತ್ತಿದ್ದೇ ಆ ಟ್ರೇ ತೆಗೆದು ಹಾಕಿದ್ದರಿಂದ. ತೊಡಕು ಇರುವುದು ಬೇರೆ ಕಡೆ. ವಿಮಾನದಿಂದ ಹೊರಬಿದ್ದ ಊಟ ಎಲ್ಲಿಗೆ ಹೋಗಿ ಬಿತ್ತು ಅನ್ನುವುದರಲ್ಲಿ.

ಇಡ್ಲಿಗೆ ಆ ಬೆಲೆ ಹೇಗೆ ಬಂತು

ಮೂರು ಬದಲಾವಣೆಗಳು ಹೆಚ್ಚುಕಡಿಮೆ ಒಟ್ಟಿಗೆ ಆದವು.

ಒಂದು, ಭದ್ರತೆ. 1999ರ ಡಿಸೆಂಬರಿನ ಕಂದಹಾರ್ ಅಪಹರಣದ ನಂತರ, 2000ದಿಂದ ಏರ್‌ಪೋರ್ಟುಗಳ ಕಾವಲು ಸಿಐಎಸ್‌ಎಫ್‌ಗೆ ಹೋಯಿತು, ಶುರು ಜೈಪುರದಿಂದ. 2006ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ಮೇಲೆ ಅಂತರರಾಷ್ಟ್ರೀಯ ಪ್ರಯಾಣದಲ್ಲಿ 100 ಮಿಲಿಲೀಟರ್ ನಿಯಮ ಬಂತು. ಇವೆಲ್ಲ ಬೇಕಾದವೇ. ಆದರೆ ಪರಿಣಾಮ ಏನಾಯಿತು? ಎರಡು ತಾಸು ಮೊದಲೇ ಬರಬೇಕು. ಒಳಗೆ ಹೋದ ಮೇಲೆ ಹೊರಗೆ ಬರುವಂತಿಲ್ಲ.

ಎರಡು, ದೂರ. 2008ರ ಮಾರ್ಚಿನಲ್ಲಿ ಹೈದರಾಬಾದ್ ವಿಮಾನಗಳು ಬೇಗಂಪೇಟೆ ಬಿಟ್ಟು ಶಂಶಾಬಾದಿಗೆ ಹೋದವು. ಮೇ ತಿಂಗಳಲ್ಲಿ ಬೆಂಗಳೂರಿನವು ಎಚ್‌ಎಎಲ್ ಬಿಟ್ಟು ದೇವನಹಳ್ಳಿಗೆ ಹೋದವು. ಎಚ್‌ಎಎಲ್ ನಿಲ್ದಾಣ ಊರೊಳಗೇ ಇತ್ತು. ಇಂದಿರಾನಗರದಲ್ಲಿ ದೋಸೆ ತಿಂದು ಆಟೋ ಹತ್ತಿದರೆ ಮುಗಿಯಿತು. ಹೊಸ ನಿಲ್ದಾಣ ಊರಿನಿಂದ ಸುಮಾರು 35 ಕಿ.ಮೀ. ಟ್ರಾಫಿಕ್ಕಿಗೆ ಹೆದರಿ ಇನ್ನೂ ಬೇಗ ಹೊರಡಬೇಕು. ಬೆಳಗ್ಗೆ ಆರರ ಫ್ಲೈಟಿಗೆ ಮೂರಕ್ಕೆ ಎದ್ದವನಿಗೆ ಹಸಿವು ಟರ್ಮಿನಲ್ ಒಳಗೇ ಆಗುತ್ತದೆ. ಹಳೆಯ ನಿಲ್ದಾಣಗಳು ಸಾಮಾನ್ಯ ಪ್ರಯಾಣಿಕರಿಗೆ ಮುಚ್ಚಿದ್ದರಿಂದ ಬೇರೆ ಆಯ್ಕೆಯೂ ಇಲ್ಲ.

ಮೂರು, ಲೆಕ್ಕಪತ್ರ. ಇದು ಸ್ವಲ್ಪ ಬೋರ್ ಹೊಡೆಸಬಹುದು, ಆದರೂ ಓದಿ. ಏರ್‌ಪೋರ್ಟಿನ ಆದಾಯದಲ್ಲಿ ಎರಡು ಬಗೆ. ವಿಮಾನ ಇಳಿಸುವುದಕ್ಕೆ, ನಿಲ್ಲಿಸುವುದಕ್ಕೆ, ಪ್ರಯಾಣಿಕರಿಂದ ಟಿಕೆಟ್ಟಿನ ಜೊತೆ ತಗೊಳ್ಳುವ ಶುಲ್ಕ ಒಂದು ಬಗೆ. ಇದರ ದರವನ್ನು ಸರ್ಕಾರದ ನಿಯಂತ್ರಣ ಪ್ರಾಧಿಕಾರ ‘ಏರಾ’ ನಿಗದಿ ಮಾಡುತ್ತದೆ. ಅಂಗಡಿ, ಹೋಟೆಲು, ಪಾರ್ಕಿಂಗು, ಜಾಹೀರಾತಿನಿಂದ ಬರುವುದು ಇನ್ನೊಂದು ಬಗೆ. ಇದಕ್ಕೆ ಆ ರೀತಿಯ ದರ ನಿಯಂತ್ರಣ ಇಲ್ಲ. 2016ರ ನಾಗರಿಕ ವಿಮಾನಯಾನ ನೀತಿಯ ಪ್ರಕಾರ ಈ ಎರಡನೇ ಬಗೆಯ ಆದಾಯದಲ್ಲಿ ಶೇಕಡಾ 30ರಷ್ಟನ್ನು ಮೊದಲ ಬಗೆಯ ಶುಲ್ಕ ಇಳಿಸಲು ಬಳಸಬೇಕು. ಅಂದರೆ ಹೋಟೆಲಿನಿಂದ ನಿಲ್ದಾಣಕ್ಕೆ 100 ರೂಪಾಯಿ ಬಂದರೆ, 30 ರೂಪಾಯಿ ನಿಮ್ಮ ಟಿಕೆಟ್ಟಿನ ಶುಲ್ಕವನ್ನು ಕಡಿಮೆ ಮಾಡಲಿಕ್ಕೆ, ಉಳಿದ 70 ನಿಲ್ದಾಣ ನಡೆಸುವವರಿಗೆ.

ಹೋಟೆಲಿನವನು ಈ ದುಡ್ಡನ್ನು ಬಾಡಿಗೆಯಾಗಿಯೋ, ವ್ಯಾಪಾರದಲ್ಲಿ ಪಾಲಾಗಿಯೋ ಕಟ್ಟುತ್ತಾನೆ. ಅವನ ಕೆಲಸದವರೂ ಪಾಸ್ ಮಾಡಿಸಿಕೊಂಡು, ಅಷ್ಟು ದೂರ ಬಂದು, ರಾತ್ರಿಪಾಳಿ ಮಾಡಬೇಕು. ಎಲ್ಲ ಸೇರಿ ಇಡ್ಲಿಯ ಬೆಲೆ. ಅಗ್ಗದ ಟಿಕೆಟ್ಟೂ ತುಟ್ಟಿ ಇಡ್ಲಿಯೂ ಒಂದೇ ಜಮಾಖರ್ಚಿನ ಎರಡು ಸಾಲುಗಳು.

“ಎಂಆರ್‌ಪಿ ಕಾನೂನು ಇಲ್ವಾ?” ಅಂತ ಕೇಳುವವರಿದ್ದಾರೆ. ಇದೆ. ಒಂದೇ ವಸ್ತುವಿಗೆ ಹೊರಗೊಂದು, ಏರ್‌ಪೋರ್ಟಿಗೊಂದು ಎಂಆರ್‌ಪಿ ಮುದ್ರಿಸುವಂತಿಲ್ಲ ಅಂತ 2018ರ ಜನವರಿಯಿಂದ ನಿಯಮ ಬಂದಿದೆ. ಆದರೆ ಹೋಟೆಲಿನಲ್ಲಿ ಕೂರಿಸಿ ಬಡಿಸುವಾಗ ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಹೆಚ್ಚು ತಗೊಳ್ಳಬಹುದು ಅಂತ 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿ ಕೊಡುವುದು ಬರೀ ವಸ್ತು ಅಲ್ಲ, ಸೇವೆ ಕೂಡ ಅನ್ನುವ ತರ್ಕ. ಇಡ್ಲಿಗಂತೂ ಎಂಆರ್‌ಪಿಯೇ ಇಲ್ಲ.

ಯಾರ ಹಸಿವು?

ಲೌಂಜಿನ ಎರಡು ರೂಪಾಯಿ ಊಟ ನಮ್ಮ ಗುಂಪಿನ ಮೆಚ್ಚಿನ ಉತ್ತರ. ಕಾರ್ಡ್ ಇರುವವರು ಬಳಸಲಿ, ನಾನೂ ಬಳಸಿದ್ದೇನೆ. ಆದರೆ ಒಂದು ಸಲ ಯೋಚಿಸಿ: ಆ ಕಾರ್ಡ್ ಸಿಗುವುದು ಸಂಬಳದ ಚೀಟಿ ಇದ್ದವನಿಗೆ. ಅಲ್ಲಿಯ ವ್ಯವಸ್ಥೆಯಲ್ಲಿ ಲಕ್ಷ ಸಂಬಳದವನು ಎರಡು ರೂಪಾಯಿಗೆ ಉಣ್ಣುತ್ತಾನೆ. ಗಲ್ಫಿಗೆ ಮೇಸ್ತ್ರಿ ಕೆಲಸಕ್ಕೆ ಹೊರಟವನು, ಮಗನ ಚಿಕಿತ್ಸೆಗೆ ದಿಲ್ಲಿಗೆ ಹೊರಟ ರೈತ ಪೂರ್ತಿ ಬೆಲೆ ಕೊಡುತ್ತಾನೆ, ಇಲ್ಲ ಹಸಿದು ಕೂರುತ್ತಾನೆ. ರಿಫ್ರೆಶ್‌ಮೆಂಟ್ ರೂಮಿಗೆ ಈಗ ಬಣ್ಣ, ಜಾತಿ ಕೇಳುವುದಿಲ್ಲ, ನಿಜ. ಬಾಗಿಲಲ್ಲಿ ಕಾರ್ಡ್ ಕೇಳುತ್ತಾರೆ.

ನಮ್ಮ ಅವ್ವ ಮೊದಲ ಸಲ ವಿಮಾನ ಹತ್ತಿದ್ದು ತಂಗಿಯ ಬಾಣಂತನಕ್ಕೆ ಪುಣೆಗೆ ಹೋಗುವಾಗ. ಬೆಲೆಯ ಬೋರ್ಡು ಓದಿ ಹೇಳಿದೆ. “ಯಪ್ಪಾ, ಈ ರೊಕ್ಕದಾಗ ಮನಿಮಂದೆಲ್ಲ ಒಂದು ವಾರ ಒಗ್ಗರಣಿ-ಮಿರ್ಚಿ ತಿಂತಾರ” ಅಂದು ಗೇಟಿನ ಮುಂದಿನ ಕುರ್ಚಿಯಲ್ಲಿ ಗಂಟು ಬಿಚ್ಚಿದಳು. ಸಜ್ಜೆ ರೊಟ್ಟಿ, ಒಣ ಪುಂಡಿಪಲ್ಯ, ಶೇಂಗಾ ಪುಡಿ. ರೊಟ್ಟಿ ಮುರಿಯುವ ಸಪ್ಪಳಕ್ಕೆ ಎದುರಿಗಿದ್ದ ಹುಡುಗ ಲ್ಯಾಪ್‌ಟಾಪಿನಿಂದ ತಲೆ ಎತ್ತಿದ. ಅವ್ವ ಕೇಳದೆ ಒಂದು ತುಂಡು ಅವನ ಕೈಗಿಟ್ಟಳು. ಅವನು ಬಾಗಲಕೋಟೆಯವನಂತೆ. ಆಮೇಲೆ ಇಬ್ಬರೂ ಗುರೆಳ್ಳು ಪುಡಿಗೆ ಬೆಳ್ಳುಳ್ಳಿ ಎಷ್ಟು ಹಾಕಬೇಕು ಅಂತ ಮಾತಾಡಿಕೊಂಡರು, ನಾನು ನಲ್ಲಿಯಿಂದ ಬಾಟಲಿ ತುಂಬಿಸಿಕೊಂಡು ಬಂದೆ. ಅಲ್ಲಿ ನಲ್ಲಿ ಇತ್ತು, ಕುರ್ಚಿ ಇತ್ತು, ಯಾರೂ ನಮ್ಮನ್ನು ಎಬ್ಬಿಸಲಿಲ್ಲ. 1901ರ ಮಸೂರಿನ ಹುಡುಗರಿಗೆ ಸಿಗದೇ ಇದ್ದದ್ದು ಇಷ್ಟೇ.

ಬುತ್ತಿಯ ನಿಯಮಾವಳಿ

ಗುಂಪಿನಲ್ಲಿ ಕೇಳಿದವರಿಗೆ ಈಗ ಸರಿಯಾದ ಉತ್ತರ. ಒಣ ತಿಂಡಿ ಒಯ್ಯಿರಿ: ರೊಟ್ಟಿ, ಚಪಾತಿ, ಅವಲಕ್ಕಿ, ಮಂಡಕ್ಕಿ, ಶೇಂಗಾ ಹೋಳಿಗೆ. ಎಣ್ಣೆ ತೇಲುವ ಉಪ್ಪಿನಕಾಯಿ, ಬರೀ ಖಾರದ ಪುಡಿ ಕೈಚೀಲದಲ್ಲಿ ಬೇಡ, ಚೆಕ್-ಇನ್ ಲಗೇಜಿಗೆ ಹಾಕಿ. ಒಣ ಕೊಬ್ಬರಿ ಬಿಡಿ; ಅದರ ಎಣ್ಣೆ ಬೆಂಕಿಗೆ ಹತ್ತಿರ ಅನ್ನುವ ಕಾರಣಕ್ಕೆ ವಿಮಾನಕ್ಕೆ ಆಗಿಬರುವುದಿಲ್ಲ. ಖಾಲಿ ಬಾಟಲಿ ಒಯ್ದು, ತಪಾಸಣೆ ದಾಟಿದ ಮೇಲೆ ತುಂಬಿಸಿಕೊಳ್ಳಿ. ಮೊಸರನ್ನ ಮನೆಯಲ್ಲೇ ಉಂಡು ಹೊರಡಿ.

ನಿಯಮ ಅಂದರೆ ಕಲ್ಲಲ್ಲಿ ಕೊರೆದದ್ದಲ್ಲ. ಕೈಚೀಲದಲ್ಲಿ ತೆಂಗಿನಕಾಯಿ ನಿಷೇಧ. ಆದರೆ 2022ರ ನವೆಂಬರಿನಲ್ಲಿ ಶಬರಿಮಲೆ ಯಾತ್ರಿಕರ ಇರುಮುಡಿಯ ಕಾಯಿಗೆ ವಿಮಾನ ಭದ್ರತಾ ಸಂಸ್ಥೆ ಆ ಸೀಸನ್ನಿನ ಮಟ್ಟಿಗೆ ವಿನಾಯಿತಿ ಕೊಟ್ಟಿತು, ಪರೀಕ್ಷೆ ಮಾಡಿ ಒಳಗೆ ಬಿಟ್ಟಿತು. ಜನ ಕೇಳಿದರೆ ನಿಯಮ ಬಾಗುತ್ತದೆ.

ಬೆಲೆಯ ವಿಷಯದಲ್ಲೂ ಹಾಗೇ ಆಯಿತು. 2024ರಲ್ಲಿ ಸಂಸತ್ತಿನಲ್ಲಿ ರಾಘವ ಛಡ್ಡಾ ಏರ್‌ಪೋರ್ಟಿನ ಚಹಾ, ನೀರಿನ ಬೆಲೆ ಎತ್ತಿ ಮಾತಾಡಿದರು. ಡಿಸೆಂಬರ್ 21ಕ್ಕೆ ಕೋಲ್ಕತ್ತಾ ನಿಲ್ದಾಣದಲ್ಲಿ ‘ಉಡಾನ್ ಯಾತ್ರಿ ಕೆಫೆ’ ತೆರೆಯಿತು. ಚಹಾ 10, ನೀರು 10, ಕಾಫಿ 20, ಸಮೋಸಾ 20 ರೂಪಾಯಿ. ಮರುವರ್ಷ ಫೆಬ್ರವರಿಯಲ್ಲಿ ಚೆನ್ನೈಗೂ ಬಂತು. ಆಗದು ಅಂತ ಇಷ್ಟು ವರ್ಷ ಹೇಳುತ್ತಿದ್ದದ್ದು ಆಗುತ್ತದೆ ಅಂತ ಗೊತ್ತಾಯಿತು. ನಮ್ಮಲ್ಲೂ 2017ರ ಆಗಸ್ಟ್ 16ಕ್ಕೆ ಇಂದಿರಾ ಕ್ಯಾಂಟೀನ್ 5 ರೂಪಾಯಿ ತಿಂಡಿ, 10 ರೂಪಾಯಿ ಊಟದೊಂದಿಗೆ ಶುರುವಾದಾಗ ನಗರದ ಕೂಲಿಯವರ ಜೊತೆ ವಿದ್ಯಾರ್ಥಿಗಳು, ಡೆಲಿವರಿ ಹುಡುಗರು ಸಾಲಲ್ಲಿ ನಿಂತಿದ್ದರು. ಅಗ್ಗದ ಊಟಕ್ಕೆ ಗಿರಾಕಿ ಯಾವತ್ತೂ ಕಡಿಮೆ ಇಲ್ಲ. ಇಡುವವರು ಬೇಕು.

2017ರ ಏಪ್ರಿಲಿನಲ್ಲಿ ಉಡಾನ್ ಯೋಜನೆಯ ಮೊದಲ ವಿಮಾನ ಹಾರಿದಾಗ, ಹವಾಯಿ ಚಪ್ಪಲಿ ಹಾಕಿದವರೂ ಹವಾಯಿ ಜಹಾಜ್ ಹತ್ತಬೇಕು ಅನ್ನುವ ಮಾತು ಬಂತು. ಒಂದು ತಾಸಿನ ಹಾರಾಟದ ಕೆಲವು ಸೀಟುಗಳಿಗೆ 2,500 ರೂಪಾಯಿ ಮಿತಿ ಹಾಕಿದರು. 2019ರ ನವೆಂಬರಿನಲ್ಲಿ ನಮ್ಮ ಪಕ್ಕದ ಕಲಬುರಗಿಗೂ ವಿಮಾನ ಬಂತು. ಸೀಟಿಗೆ ಮಿತಿ ಹಾಕಲು ಸಾಧ್ಯ ಆದರೆ, ಒಂದು ಕಪ್ ಚಹಾಕ್ಕೂ ಸಾಧ್ಯ.

ನಮ್ಮ ರಾಯಚೂರಿನ ಯರಮರಸ್‌ನಲ್ಲೂ ವಿಮಾನ ನಿಲ್ದಾಣದ ಮಾತು ಬಹಳ ವರ್ಷಗಳಿಂದ ನಡೆದಿದೆ. ಅದು ಆದ ದಿನ ಎಲ್ಲರೂ ಮೊದಲ ಫ್ಲೈಟು ಎಲ್ಲಿಗೆ ಅಂತ ಕೇಳುತ್ತಾರೆ. ನಾವು ಈಗಲೇ, ಟೆಂಡರ್ ಬರೆಯುವ ಮೊದಲೇ ಕೇಳಬೇಕಾದದ್ದು ಬೇರೆ: ತಪಾಸಣೆ ದಾಟಿದ ಮೇಲೆ ಕುಡಿಯುವ ನೀರಿನ ನಲ್ಲಿ ಎಷ್ಟು? ಬುತ್ತಿ ಬಿಚ್ಚಲು ಜಾಗ ಎಲ್ಲಿ? ರೇಟ್ ಬೋರ್ಡ್ ಹಾಕಿದ ಒಂದು ಒಗ್ಗರಣಿ-ಮಿರ್ಚಿ ಕೌಂಟರು, ಹತ್ತು ರೂಪಾಯಿಯ ಚಹಾ ಇರುತ್ತದೋ ಇಲ್ಲವೋ? ರಾಯಚೂರಿನ ಬಿಸಿಲು ಕಂಡವರಿಗೆ ಇದು ಸಣ್ಣ ಪ್ರಶ್ನೆ ಅನಿಸುವುದಿಲ್ಲ. ದಾರಿ ಮಾಡಿದವನೇ ಅರವಟಿಗೆಯನ್ನೂ ಇಡಬೇಕು.